ಹತ್ತು ಸಸಿಗೆ ನಾಲ್ಕು ಬಿಂದಿಗೆ: ಹುಲಿಕಲ್–ಕುದೂರು ಸಾಲುಮರಗಳ ಪ್ರಕರಣ ಅಧ್ಯಯನ

ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿಗೆ ಹೋಗುವ ರಸ್ತೆಯಲ್ಲಿ ನಾಲ್ಕು ಕಿಲೋಮೀಟರಿಗೂ ಹೆಚ್ಚು ದೂರ ಎರಡೂ ಬದಿಗೆ ಆಲದ ಮರಗಳ ಸಾಲಿದೆ. ಒಟ್ಟು 380ಕ್ಕೂ ಹೆಚ್ಚು ಮರ. ನೆಟ್ಟು ಬೆಳೆಸಿದವರು ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಬಿಕ್ಕಲು ಚಿಕ್ಕಯ್ಯ. ಚಿಕ್ಕಯ್ಯನವರು 1991ರಲ್ಲಿ ತೀರಿಕೊಂಡರು. ತಿಮ್ಮಕ್ಕ 2025ರ ನವೆಂಬರ್ 14ರಂದು ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದಾಗ ಅವರಿಗೆ 114 ವರ್ಷ. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಲ್ಲದ ಅವರನ್ನು ನಾಡಿನ ಮಕ್ಕಳೆಲ್ಲ ಅಜ್ಜಿ ಎಂದೇ ಕರೆದರು.

ಅಜ್ಜಿಯನ್ನು ನೆನೆಯುವಾಗ ಸಾಮಾನ್ಯವಾಗಿ ಬರುವುದು ಪ್ರಶಸ್ತಿಗಳ ಪಟ್ಟಿ. 1995ರ ರಾಷ್ಟ್ರೀಯ ಪೌರ ಪ್ರಶಸ್ತಿ, 1997ರ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ, 2010ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ, 2019ರಲ್ಲಿ ಪದ್ಮಶ್ರೀ. ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆಯುವಾಗ ಅವರು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ತಲೆ ಮುಟ್ಟಿ ಹರಸಿದ ಚಿತ್ರವನ್ನು ನೋಡದವರಿಲ್ಲ. ಅದೆಲ್ಲ ಸರಿ. ಆದರೆ ಆ ಚಿತ್ರದ ಹಿಂದಿನ ಕೆಲಸವನ್ನು ಬಿಡಿಸಿ ನೋಡಿದವರು ಕಡಿಮೆ. ಪ್ರತಿ ಜೂನ್‌ನಲ್ಲಿ ನಮ್ಮ ಊರುಗಳಲ್ಲಿ ಸಾವಿರಾರು ಸಸಿ ನೆಡುತ್ತಾರೆ, ಯುಗಾದಿ ಬರುವ ಹೊತ್ತಿಗೆ ಅವುಗಳಲ್ಲಿ ಎಷ್ಟೋ ಒಣಕಡ್ಡಿಯಾಗಿರುತ್ತವೆ. ಬಜೆಟ್ಟಿಲ್ಲದ, ಟ್ಯಾಂಕರಿಲ್ಲದ, ಕೂಲಿ ಮಾಡಿ ಬದುಕುತ್ತಿದ್ದ ಗಂಡ ಹೆಂಡತಿ ಬೆಳೆಸಿದ ಸಾಲು ಮಾತ್ರ ಉಳಿದು ನಿಂತಿತು. ಇದು ಹೇಗಾಯಿತು ಎಂಬುದೇ ಈ ಅಧ್ಯಯನದ ವಿಷಯ.

ಮನೆ, ಮಕ್ಕಳು, ಮರ

ತಿಮ್ಮಕ್ಕ ಹುಟ್ಟಿದ್ದು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ. ಶಾಲೆಗೆ ಹೋದವರಲ್ಲ, ಕಲ್ಲು ಕ್ವಾರಿಯಲ್ಲಿ ಕೂಲಿ ಮಾಡಿದವರು. ಮದುವೆಯಾಗಿ ಹುಲಿಕಲ್ಲಿಗೆ ಬಂದರು. ಎಷ್ಟು ವರ್ಷ ಕಳೆದರೂ ಮಕ್ಕಳಾಗಲಿಲ್ಲ. ಆ ಕಾಲದ ಹಳ್ಳಿಯಲ್ಲಿ ಮಕ್ಕಳಿಲ್ಲದ ಹೆಣ್ಣು ಏನೆಲ್ಲ ಕೇಳಿಸಿಕೊಳ್ಳಬೇಕಿತ್ತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಗಂಡ ಹೆಂಡತಿ ಇಬ್ಬರೂ ಕೂಡಿ ಆಲದ ಸಸಿ ನೆಟ್ಟು ಮಕ್ಕಳಂತೆ ಸಾಕುವುದೆಂದು ತೀರ್ಮಾನಿಸಿದರು.

ಈ ಭಾಗವನ್ನು ಬರೀ ದುಃಖದ ಕಥೆಯಾಗಿ ಹೇಳಿದರೆ ಮುಖ್ಯವಾದುದು ತಪ್ಪಿಹೋಗುತ್ತದೆ. ಅವರು ಆರಿಸಿಕೊಂಡ ದಾರಿಗೆ ನಮ್ಮಲ್ಲಿ ಹಳೆಯ ಬೇರಿದೆ. ಹತ್ತು ಮಕ್ಕಳಿಗೆ ಒಂದು ಮರ ಸಮ ಎಂಬ ಮಾತು ಮತ್ಸ್ಯಪುರಾಣದಲ್ಲಿದೆ. ಕೆರೆ ಕಟ್ಟಿಸು, ಬಾವಿ ತೋಡಿಸು ಎಂದು ತಾಯಿಯೊಬ್ಬಳು ಮಗುವಿಗೆ ಹಾಲೂಡಿಸುತ್ತ ಹೇಳಿದ್ದನ್ನು ವಿಜಯನಗರ ಕಾಲದ ಲಕ್ಷ್ಮೀಧರಾಮಾತ್ಯನ ಶಾಸನ ದಾಖಲಿಸಿದೆ. ಅಶೋಕನೂ ಮನುಷ್ಯರಿಗೆ, ದನಕರುಗಳಿಗೆ ನೆರಳಾಗಲೆಂದು ದಾರಿಗಳಲ್ಲಿ ಆಲ ನೆಡಿಸಿದೆನೆಂದು ತನ್ನ ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ. ಅಕ್ಷರ ಬಾರದ ಈ ದಂಪತಿ ಇದನ್ನೆಲ್ಲ ಓದಿ ತಿಳಿದವರಲ್ಲ. ಆದರೂ ದಾರಿಹೋಕರಿಗೆ ನೆರಳು ಮಾಡುವುದು ಪುಣ್ಯದ ಕೆಲಸ ಎಂಬ ನಂಬಿಕೆ ಹಳ್ಳಿಯ ಗಾಳಿಯಲ್ಲೇ ಇತ್ತು. ಅರವಟ್ಟಿಗೆ ಇಡುವವರು, ಕಟ್ಟೆ ಕಟ್ಟಿಸುವವರು, ಹೊರೆಗಲ್ಲು ನಿಲ್ಲಿಸುವವರು ಎಲ್ಲ ಆ ಸಾಲಿನವರೇ.

ಆಲವೇ ಯಾಕೆ

ಹಣವಿಲ್ಲದವರಿಗೆ ಆಲದಷ್ಟು ಒದಗುವ ಮರ ಇನ್ನೊಂದಿಲ್ಲ. ಸಸಿಗೆ ದುಡ್ಡು ಬೇಡ. ಹುಲಿಕಲ್ಲಿನ ಸುತ್ತ ಹಳೆಯ ಆಲದ ಮರಗಳು ಬೇಕಾದಷ್ಟಿದ್ದವು, ಅವುಗಳಿಂದಲೇ ಸಸಿ ಮಾಡಿಕೊಂಡರು. ಆಲದ ಬೀಜ ಹಾಕಿ ಸಸಿ ಎಬ್ಬಿಸುವುದು ಕಷ್ಟ. ಹಣ್ಣು ತಿಂದ ಹಕ್ಕಿಯ ಹಿಕ್ಕೆಯಲ್ಲಿ ಬಿದ್ದ ಬೀಜ ಗೋಡೆ ಸಂದಿಯಲ್ಲೋ ಈಚಲ ಮರದ ಬುಡದಲ್ಲೋ ತಾನಾಗಿ ಮೊಳೆಯುತ್ತದೆ, ಪಾತಿಯಲ್ಲಿ ಹಾಕಿದರೆ ಅಷ್ಟು ಸುಲಭಕ್ಕೆ ಏಳುವುದಿಲ್ಲ. ಕೊಂಬೆ ನೆಟ್ಟರೆ ಚಿಗುರುವ ಗುಣ ಮಾತ್ರ ಆಲಕ್ಕೆ ಚೆನ್ನಾಗಿದೆ.

ಎರಡನೆಯದು, ಬೇರೂರಿದ ಮೇಲೆ ಬರವನ್ನು ತಡೆಯುವ ಶಕ್ತಿ. ಮಾಗಡಿಯ ಕಡೆಯದು ಬಂಡೆಯ ಮೇಲಿನ ಕೆಂಪು ಮಣ್ಣು, ಮಳೆ ಬಂದರೂ ಬೇಗ ಒಣಗುತ್ತದೆ. ಅಂಥ ನೆಲದಲ್ಲಿ ಮೊದಲ ಒಂದೆರಡು ಬೇಸಿಗೆ ದಾಟಿದ ಆಲಕ್ಕೆ ಮತ್ತೆ ನೀರು ಹಾಕಬೇಕಿಲ್ಲ.

ಮೂರನೆಯದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಆಲದ ಮರಕ್ಕೆ ಯಾರೂ ಸುಮ್ಮನೆ ಕೊಡಲಿ ಹಾಕುವುದಿಲ್ಲ. ವಟಸಾವಿತ್ರಿಯ ದಿನ ಹೆಂಗಸರು ನೂಲು ಸುತ್ತಿ ಪೂಜೆ ಮಾಡುವ ಮರ ಅದು. ಜೊತೆಗೆ ಅದರ ಮರಮುಟ್ಟಿಗೆ ಬೆಲೆಯೂ ಇಲ್ಲ. ರಸ್ತೆ ಬದಿಯಲ್ಲಿ ತೇಗವನ್ನೋ ಸಿಲ್ವರ್ ಓಕನ್ನೋ ನೆಟ್ಟಿದ್ದರೆ ಇಷ್ಟು ವರ್ಷ ಅದು ನಿಲ್ಲುತ್ತಿತ್ತೆಂದು ಹೇಳುವುದು ಕಷ್ಟ. ಕಾವಲಿನವನಿಲ್ಲದ ಕಡೆ ಜನರ ಭಕ್ತಿಯೇ ಮರವನ್ನು ಕಾಯಿತು.

ನೀರಿನ ಲೆಕ್ಕ

ಈ ಪ್ರಕರಣದ ತಿರುಳು ಇಲ್ಲಿದೆ. ಮೊದಲ ವರ್ಷ ಅವರು ನೆಟ್ಟಿದ್ದು ಹತ್ತು ಸಸಿ. ಎರಡನೆಯ ವರ್ಷ ಹದಿನೈದು, ಮೂರನೆಯ ವರ್ಷ ಇಪ್ಪತ್ತು. ನೀರು ಹಾಕಲು ನಾಲ್ಕು ಬಿಂದಿಗೆಗಳನ್ನು ನಾಲ್ಕು ಕಿಲೋಮೀಟರ್ ದೂರ ಹೊತ್ತು ಹೋಗುತ್ತಿದ್ದರು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಬಿಂದಿಗೆಯೊಂದಕ್ಕೆ ಸುಮಾರು ಹನ್ನೆರಡು ಲೀಟರ್ ಎಂದು ಹಿಡಿದರೆ ನಾಲ್ಕಕ್ಕೆ 48 ಲೀಟರ್. ದಾರಿಯಲ್ಲಿ ತುಳುಕಿದ್ದು ಹೋಗಿ ಹತ್ತು ಸಸಿಗೆ ಹಂಚಿದರೆ ಒಂದೊಂದಕ್ಕೆ ನಾಲ್ಕೂವರೆ ಲೀಟರ್ ಸಿಗುತ್ತದೆ. ಬುಡದಲ್ಲಿ ಸಣ್ಣ ಪಾತಿ ಮಾಡಿ ಹೊತ್ತು ಇಳಿದ ಮೇಲೆ ಹಾಕಿದರೆ ಎಳೆಯ ಸಸಿ ಬದುಕಲು ಅಷ್ಟು ಸಾಕು. ನೂರು ಸಸಿ ನೆಟ್ಟಿದ್ದರೆ ಒಂದಕ್ಕೆ ಅರ್ಧ ಲೀಟರಿಗಿಂತ ಕಡಿಮೆ, ಅಂದರೆ ಮೇಲಿನ ಮಣ್ಣು ನೆನೆದು ಅರ್ಧ ಗಂಟೆಯಲ್ಲಿ ಆರಿಹೋಗುವಷ್ಟು. ನೂರೂ ಸಾಯುತ್ತಿದ್ದವು. ಹೊರೆಯ ಕಡೆಯಿಂದ ನೋಡಿದರೂ ಅಷ್ಟೆ. ನಾಲ್ಕು ಬಿಂದಿಗೆಯನ್ನು ಇಬ್ಬರು ಹಂಚಿಕೊಂಡರೆ ತಲಾ 25 ಕಿಲೋ ಮೇಲೆ ಬೀಳುತ್ತದೆ, ಅದೂ ಹಗಲೆಲ್ಲ ದುಡಿದ ಮೈಗೆ.

ಸಸಿಗಳ ಸಂಖ್ಯೆ ವರ್ಷವರ್ಷ ಏರಿದ್ದಕ್ಕೂ ಇದರಲ್ಲೇ ಉತ್ತರವಿದೆ. ಮಳೆಗಾಲದಲ್ಲಿ ನೆಟ್ಟದ್ದು ಮುಂದಿನ ಮಳೆಗಾಲದ ಹೊತ್ತಿಗೆ ಬೇರೂರಿರುತ್ತಿತ್ತು. ಹಿಂದಿನ ವರ್ಷದ ಹತ್ತು ಸಸಿಗಳಿಗೆ ಬೇಕಿದ್ದ ನೀರು ಹೊಸ ಸಸಿಗಳಿಗೆ ಸಿಗುತ್ತಿತ್ತು, ಸಾಲದೆ ಬಂದದ್ದಕ್ಕೆ ಇನ್ನೊಂದು ಸಲ ನಡೆದರಾಯಿತು. ಮೂರು ವರ್ಷದ 45 ಸಸಿಗೂ ಒಂದೇ ಸಲ ನೀರು ಹೊರಬೇಕಾಗಿದ್ದರೆ ದಿನಕ್ಕೆ ಇಪ್ಪತ್ತು ಬಿಂದಿಗೆಯ ಹತ್ತಿರ ಬೇಕಾಗುತ್ತಿತ್ತು. ಅದು ಇಬ್ಬರಿಂದ ಆಗುವ ಮಾತಲ್ಲ. ಹೊರಲಾಗುವ ನೀರಿಗೆ ತಕ್ಕಷ್ಟೇ ಗಿಡ, ಬೇರೂರಿದ ಮೇಲೆ ಮುಂದಿನ ಕಂತು: 380ಕ್ಕೂ ಹೆಚ್ಚು ಮರ ನಿಂತದ್ದು ಹೀಗೆ. ನಮ್ಮ ಇಂದಿನ ಗಿಡ ನೆಡುವ ಕಾರ್ಯಕ್ರಮಗಳು ಎಡವುವುದು ಇಲ್ಲೇ. ಎಷ್ಟು ಗುಂಡಿ ತೋಡಿಸಬಹುದು ಎಂದು ಎಣಿಸುತ್ತಾರೆ, ಏಪ್ರಿಲ್‌ನಲ್ಲಿ ಎಷ್ಟು ಕೊಡ ನೀರು ತರಬಹುದು ಎಂದು ಎಣಿಸುವುದಿಲ್ಲ.

ಸಾಲಿನ ಅಂತರವನ್ನೂ ಗಮನಿಸಬೇಕು. ನಾಲ್ಕು ಕಿಲೋಮೀಟರಿಗೆ ಒಂದು ಬದಿಗೆ ಸುಮಾರು 190 ಮರ ಎಂದರೆ ಸರಾಸರಿ 21 ಮೀಟರಿಗೆ ಒಂದು, ಹೆಚ್ಚುಕಡಿಮೆ ಎಪ್ಪತ್ತು ಅಡಿ. ಎಳೆಯ ಸಸಿಗಳನ್ನು ನೋಡಿದವರಿಗೆ ಇದು ತೀರ ವಿರಳ ಅನಿಸಿರಬಹುದು. ಬೆಳೆದ ಆಲಕ್ಕೆ ಅಷ್ಟು ಜಾಗ ಬೇಕೇ ಬೇಕು. ಮೂವತ್ತು ಅಡಿಗೊಂದು ನೆಟ್ಟರೆ ಬೆಳಕಿಗಾಗಿ ಒಂದನ್ನೊಂದು ತಳ್ಳಿ ಎಲ್ಲವೂ ರಸ್ತೆಯ ಕಡೆಗೇ ವಾಲುತ್ತವೆ.

ಬೇಲಿ

ಆಲದ ಎಲೆ ಆಡಿಗೆ ಪ್ರಾಣ. ದನಗಳೂ ಬಿಡುವುದಿಲ್ಲ. ರಸ್ತೆ ಬದಿ ಎಂದರೆ ಮೇಯಲು ಹೋಗುವ ಮಂದೆಯ ದಾರಿಯೇ ತಾನೆ. ಚಿಗುರನ್ನು ಒಂದು ಸಲ ಆಡು ತಿಂದರೆ ಸಸಿ ಮತ್ತೆ ಒಡೆಯಬಹುದು, ಎರಡನೆಯ ಸಲ ತಿಂದರೆ ಬೇಸಿಗೆ ದಾಟುವುದಿಲ್ಲ. ದಂಪತಿ ಪ್ರತಿ ಸಸಿಯ ಸುತ್ತ ಮುಳ್ಳಿನ ಬೇಲಿ ಕಟ್ಟಿದರು.

ಮುಳ್ಳುಬೇಲಿಗೆ ಆಯಸ್ಸು ಕಡಿಮೆ ಎಂಬುದನ್ನು ಕಟ್ಟಿದವರಷ್ಟೇ ಬಲ್ಲರು. ಒಣಮುಳ್ಳಿಗೆ ಗೆದ್ದಲು ಹಿಡಿದು ಒಂದು ಮಳೆಗಾಲದಲ್ಲಿ ಬುಡ ಕಳಚುತ್ತದೆ. ಚಳಿಗಾಲದಲ್ಲಿ ಯಾರಾದರೂ ಸೌದೆಗೆ ಎಳೆದುಕೊಂಡು ಹೋಗುತ್ತಾರೆ. ಹಾಗಾಗಿ ವರ್ಷಕ್ಕೆ ಎರಡು ಸಲವಾದರೂ ಹೊಸ ಮುಳ್ಳು ತರಬೇಕು: ಮಳೆ ನಿಂತ ಕೂಡಲೇ ಒಮ್ಮೆ, ಹೊಲಗಳಲ್ಲಿ ಮೇವು ಮುಗಿದು ದನಗಳು ರಸ್ತೆಗೆ ಬೀಳುವ ಮಾಘ–ಫಾಲ್ಗುಣದಲ್ಲಿ ಇನ್ನೊಮ್ಮೆ. ಮುಳ್ಳನ್ನು ಸಸಿಯಿಂದ ಎರಡು ಅಡಿ ದೂರದಲ್ಲಿ, ತುದಿ ಹೊರಗೆ ಮಾಡಿ ಕಟ್ಟಬೇಕು. ತೀರ ಹತ್ತಿರ ಕಟ್ಟಿದರೆ ಗಾಳಿಗೆ ತೊಗಟೆ ಕೆರೆದು ಗಾಯವಾಗುತ್ತದೆ, ಆಡಿನ ಕತ್ತೂ ಸುಲಭವಾಗಿ ಒಳಗೆ ಬರುತ್ತದೆ. ಈಗ ಸಿಗುವ ಕಬ್ಬಿಣದ ಟ್ರೀ ಗಾರ್ಡ್‌ಗಳಲ್ಲಿ ಬೇರೆ ತೊಂದರೆ ಇದೆ. ಮರ ದಪ್ಪವಾದ ಮೇಲೂ ತೆಗೆಯದೆ ಬಿಟ್ಟರೆ ಪಟ್ಟಿ ತೊಗಟೆಯೊಳಗೆ ಹೂತು ಕಾಂಡವನ್ನು ಹಿಸುಕುತ್ತದೆ.

ಅಜ್ಜಿಯ ಹೆಸರಲ್ಲಿ ನೆಡುವವರಿಗೆ

ತೀರಿಕೊಂಡ ಅಜ್ಜಿಯ ನೆನಪಿಗೆ ವರ್ಷಾಬ್ದಿಕದ ದಿನ ಗಿಡ ನೆಡುವ ಮನೆತನಗಳು ಈಗ ಹೆಚ್ಚುತ್ತಿವೆ. ಸಂತೋಷದ ವಿಷಯ. ಆದರೆ ತಿಥಿ ಮಾರ್ಚ್‌ನಲ್ಲಿ ಬಿದ್ದರೆ ಅಂದೇ ನೆಡಬಾರದು. ಅಂದು ಗುಂಡಿ ತೋಡಿ ಬಿಸಿಲಿಗೆ ಬಿಡಿ, ಮೃಗಶಿರಾ ಮಳೆ ಬಿದ್ದು ಮಣ್ಣು ನೆನೆದ ಮೇಲೆ ನೆಡಿ. ಹಳೇ ಮೈಸೂರು ಭಾಗದಲ್ಲಿ ಜೋರು ಮಳೆ ಉತ್ತರೆ, ಹಸ್ತ, ಚಿತ್ತೆಗಳಲ್ಲಿ ಬರುತ್ತದೆ. ಜೂನ್‌ನಲ್ಲಿ ನೆಟ್ಟ ಸಸಿ ಆ ಹೊತ್ತಿಗೆ ಬೇರು ಬಿಟ್ಟಿದ್ದರೆ ಆ ನೀರನ್ನೆಲ್ಲ ಉಪಯೋಗಿಸಿಕೊಳ್ಳುತ್ತದೆ.

ಕೊಂಬೆ ನೆಡುವುದಾದರೆ ಮುಂಗೈ ಗಾತ್ರದ, ಆರರಿಂದ ಎಂಟು ಅಡಿ ಉದ್ದದ, ರೋಗವಿಲ್ಲದ ನೇರ ಕೊಂಬೆ ಬೇಕು. ಕಡಿಯುವ ಮೊದಲು ಮರದ ಒಡೆಯರನ್ನೋ ಪಂಚಾಯಿತಿಯನ್ನೋ ಕೇಳಿ. ಬುಡವನ್ನು ಓರೆಯಾಗಿ, ಮಚ್ಚಿನ ಒಂದೇ ಏಟಿಗೆ ಸೀಳದಂತೆ ಕಡಿಯಬೇಕು. ಎಲೆ ಸವರಿ, ನೆರಳಲ್ಲಿ ಒಂದು ದಿನ ಇಟ್ಟರೆ ಗಾಯದ ಹಾಲು ಆರುತ್ತದೆ. ಮೇಲಿನ ತುದಿಗೆ ಸಗಣಿ, ಕೆಮ್ಮಣ್ಣು ಕಲಸಿ ಮೆತ್ತಿ. ಎರಡು ಅಡಿ ಆಳಕ್ಕೆ ಇಳಿಸಿ, ಮಣ್ಣನ್ನು ಅರ್ಧ ಅಡಿಗೊಮ್ಮೆ ತುಳಿದು ಗಟ್ಟಿ ಮಾಡಿ. ಇಲ್ಲಿ ಕೆಡುವುದು ಸಾಮಾನ್ಯವಾಗಿ ಮೂರು ಕಾರಣಕ್ಕೆ. ಬೆರಳು ಗಾತ್ರದ ಕಡ್ಡಿ ನೆಟ್ಟರೆ ಬೇರು ಬರುವ ಮೊದಲೇ ಒಣಗುತ್ತದೆ. ಸಡಿಲ ಮಣ್ಣಲ್ಲಿ ಕೊಂಬೆ ಅಲುಗಾಡಿ ಹೊಸ ಬೇರು ಹರಿಯುತ್ತದೆ. ಎರೆನೆಲದ ಗುಂಡಿಯಲ್ಲಿ ನೀರು ನಿಂತರೆ ಬುಡ ಕೊಳೆಯುತ್ತದೆ. ಎಲೆ ಚಿಗುರಿತೆಂದು ಹಿಗ್ಗಿ ನೀರು ನಿಲ್ಲಿಸಬೇಡಿ. ಮೊದಲ ಚಿಗುರು ಕೊಂಬೆಯೊಳಗೆ ಕೂಡಿಟ್ಟ ಸತ್ವದಿಂದ ಬಂದದ್ದು, ಬೇರು ಇನ್ನೂ ಬಂದಿರದೆ ಇರಬಹುದು.

ನರ್ಸರಿಯ ಸಸಿಯಾದರೆ ಮೂರು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಮೇಲ್ಮಣ್ಣನ್ನು ಬೇರೆ ಇಟ್ಟುಕೊಂಡು, ಎರಡು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರದ ಜೊತೆ ಅದನ್ನೇ ಕೆಳಗೆ ತುಂಬಿ. ಚೀಲದಲ್ಲಿ ಬೇರು ಸುತ್ತಿಕೊಂಡಿದ್ದರೆ ಬಿಡಿಸಿ ನೆಡಿ. ಐದಾರು ಅಡಿ ಎತ್ತರದ ಸಸಿ ಸಿಕ್ಕರೆ ಒಂದಡಿ ಸಸಿಗಿಂತ ಅದೇ ಲೇಸು, ಆಡಿನ ಬಾಯಿಗೆ ತುದಿ ಎಟಕುವುದಿಲ್ಲ.

ಎಷ್ಟು ನೆಡಬೇಕು? ವಾರಕ್ಕೊಮ್ಮೆ 200 ಲೀಟರಿನ ಒಂದು ಡ್ರಮ್ಮನ್ನು ಗಾಡಿಯಲ್ಲಿ ತರಬಲ್ಲ ಮನೆಯವರು ಹತ್ತರಿಂದ ಹನ್ನೆರಡು ಸಸಿ ಸಾಕಬಹುದು, ಒಂದಕ್ಕೆ 15 ಲೀಟರಿನ ಲೆಕ್ಕದಲ್ಲಿ. ದಿನಾ ಒಂದು ಚೊಂಬು ಹಾಕುವುದಕ್ಕಿಂತ ವಾರಕ್ಕೊಮ್ಮೆ ತುಂಬಾ ಹಾಕುವುದು ಮೇಲು, ನೀರು ಆಳಕ್ಕೆ ಇಳಿದರೆ ಬೇರೂ ಆಳಕ್ಕೆ ಹೋಗುತ್ತದೆ. ನೆಟ್ಟ ಮೊದಲ ವರ್ಷ ಈ ಲೆಕ್ಕ ಹಬ್ಬಗಳ ಜೊತೆ ಸಲೀಸಾಗಿ ಕೂಡುತ್ತದೆ. ದೀಪಾವಳಿಗೆ ಕಳೆ ಕಿತ್ತು ಪಾತಿ ಸರಿಮಾಡಿ, ಬುಡಕ್ಕೆ ತರಗು ಹೊದಿಸಿ. ಸಂಕ್ರಾಂತಿಗೆ ಬೇಲಿ ಹೊಸದು ಮಾಡಿ, ಹದಿನೈದು ದಿನಕ್ಕೊಮ್ಮೆ ನೀರು. ಶಿವರಾತ್ರಿಯಿಂದ ವಾರಕ್ಕೊಮ್ಮೆ. ಯುಗಾದಿಯಿಂದ ಮಳೆ ಬರುವವರೆಗೆ ವಾರಕ್ಕೆರಡು ಸಲ, ಡ್ರಮ್ಮೂ ಎರಡು. ಸತ್ತ ಸಸಿಯ ಜಾಗಕ್ಕೆ ಮುಂದಿನ ಜೂನ್‌ನಲ್ಲಿ ಬೇರೊಂದು. ಮೊಮ್ಮಕ್ಕಳ ನಡುವೆ ಈ ಹಬ್ಬಗಳನ್ನು ಹಂಚಿಬಿಟ್ಟರೆ ಯಾರ ಪಾಳಿ ಎಂಬ ಗೊಂದಲ ಇರುವುದಿಲ್ಲ. ಎಲ್ಲರೂ ನೋಡಿಕೊಳ್ಳುತ್ತಾರೆಂದು ಬಿಟ್ಟ ಗಿಡವನ್ನು ಯಾರೂ ನೋಡಿಕೊಂಡಿರುವುದಿಲ್ಲ.

ರಸ್ತೆ ಬದಿಯಾದರೆ ಲೋಕೋಪಯೋಗಿ ಇಲಾಖೆಯನ್ನೋ ಪಂಚಾಯಿತಿಯನ್ನೋ ಕೇಳಿ, ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ಮೇಲೆ ವಿದ್ಯುತ್ ತಂತಿ ಇರುವಲ್ಲಿ ಆಲ ಬೇಡವೇ ಬೇಡ, ಪ್ರತಿ ವರ್ಷ ಒಂದೇ ಬದಿ ಕಡಿದು ಮರ ವಾಲುತ್ತದೆ. ಅಲ್ಲಿ ಹೊಂಗೆ ಆಗಬಹುದು. ಮನೆ, ಬಾವಿ, ಕಾಂಪೌಂಡುಗಳ ಹತ್ತಿರವೂ ಆಲವನ್ನು ನೆಡಬಾರದು.

ಬೆಳೆದ ಮರಕ್ಕೆ ಬಂದ ಕುತ್ತು

2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆಯ ಅಗಲೀಕರಣ ಈ ಸಾಲಿನ ಬುಡಕ್ಕೇ ಬಂದಿತು. ನೂರು ದಾಟಿದ ತಿಮ್ಮಕ್ಕ ಸುಮ್ಮನೆ ಕೂರಲಿಲ್ಲ. ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ, ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅವರಿಗೆ ಮನವಿ ಮಾಡಿದರು. ಮರ ಉಳಿಸಿ ಬೇರೆ ದಾರಿ ನೋಡಲು ಸರ್ಕಾರ ಒಪ್ಪಿತು. ಕರ್ನಾಟಕದಲ್ಲಿ ಮರ ಕಡಿಯಲು ಅನುಮತಿ ಬೇಕೆನ್ನುವ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಆದರೂ ಅಷ್ಟು ಹೆಸರಾದ ಅಜ್ಜಿಯೇ ಬಾಯಿ ಬಿಟ್ಟು ಕೇಳಬೇಕಾಯಿತು. ಹೆಸರಿಲ್ಲದ ಸಾಲುಮರಗಳಿಗೆ ಕೇಳುವವರು ಯಾರು ಎಂಬುದು ಊರೂರಿನವರೂ ಹಾಕಿಕೊಳ್ಳಬೇಕಾದ ಪ್ರಶ್ನೆ.

ಕೊಡಲಿಗಿಂತ ನಿಧಾನವಾಗಿ ಕೊಲ್ಲುವವು ಬೇರೆ ಇವೆ. ಡಾಂಬರನ್ನೋ ಕಾಂಕ್ರೀಟನ್ನೋ ಬುಡದವರೆಗೆ ಎಳೆದರೆ ಬೇರಿಗೆ ನೀರು, ಗಾಳಿ ಎರಡೂ ಹೋಗುವುದಿಲ್ಲ. ಪೈಪು, ಕೇಬಲ್ಲಿಗೆ ಚರಂಡಿ ತೋಡುವಾಗ ಜೆಸಿಬಿ ಒಂದು ಬದಿಯ ಬೇರನ್ನೆಲ್ಲ ಕತ್ತರಿಸಿದರೆ ಮರ ಕೂಡಲೇ ಒಣಗುವುದಿಲ್ಲ, ಮುಂದೆಂದೋ ಮಳೆಗಾಳಿಯಲ್ಲಿ ಆ ಬದಿಗೆ ಹಿಡಿತವಿಲ್ಲದೆ ಉರುಳುತ್ತದೆ. ಆಗ ಮರ ಹಳೆಯದಾಗಿತ್ತು ಎನ್ನುತ್ತಾರೆ. ಬುಡದಲ್ಲಿ ಕಸ ಸುಡುವುದು, ಬೋರ್ಡಿಗೆ ಮೊಳೆ ಹೊಡೆಯುವುದು ಎಲ್ಲ ಕಡೆಯೂ ಇದೆ.

ಭಕ್ತಿಯಿಂದ ಆಗುವ ಹಾನಿಯನ್ನೂ ಹೇಳಲೇಬೇಕು. ಕಾಂಡಕ್ಕೆ ತಾಗಿಸಿ ಸಿಮೆಂಟಿನ ಕಟ್ಟೆ ಕಟ್ಟಿ ಒಳಗೆ ಎರಡು ಅಡಿ ಮಣ್ಣು ತುಂಬಿದರೆ ಬುಡದ ತೊಗಟೆ ಕೊಳೆಯುತ್ತದೆ. ಕಟ್ಟೆ ಬೇಕಿದ್ದರೆ ಕಾಂಡದಿಂದ ಮೂರು ಅಡಿಯಾದರೂ ಬಿಟ್ಟು, ಗಾರೆ ಹಾಕದೆ ಕಲ್ಲು ಜೋಡಿಸಬೇಕು. ಪೊಟರೆಯೊಳಗೆ ದೀಪ ಹಚ್ಚುವುದು, ಒಡೆದ ದೇವರ ಪಟಗಳನ್ನು ತಂದು ಒಟ್ಟಿ ಹೋಗುವುದು ಬೆಂಕಿಗೆ ದಾರಿ. ವಟಸಾವಿತ್ರಿಗೆ ಹತ್ತಿಯ ನೂಲೇ ಇರಲಿ, ನೈಲಾನ್ ದಾರ ಕರಗುವುದಿಲ್ಲ, ಎಳೆಯ ಮರಕ್ಕೆ ಉರುಳಾಗುತ್ತದೆ.

ತಿಮ್ಮಕ್ಕನವರಿಗೆ ಇನ್ನೂ ಆಸೆಗಳಿದ್ದವು. ಗಂಡನ ನೆನಪಿಗೆ ಊರಲ್ಲೊಂದು ಆಸ್ಪತ್ರೆ ಆಗಬೇಕೆಂದು ಟ್ರಸ್ಟ್ ಕೂಡ ಆಗಿತ್ತು. ಅವರ ಹೆಸರಿನ ವೃಕ್ಷೋದ್ಯಾನಗಳು ಅರಣ್ಯ ಇಲಾಖೆಯಿಂದ ನಾಡಿನ ಹಲವು ಊರುಗಳಲ್ಲಿ ಆಗಿವೆ. ಅವು ಬೇಕು. ಆದರೆ ಹುಲಿಕಲ್ಲಿನ ಸಾಲಿಗೆ ಈಗ ಮೊದಲು ಬೇಕಾದದ್ದು ಬಿಳಲುಗಳ ಆರೈಕೆ. ಆಲದ ಕೊಂಬೆ ದೂರ ಚಾಚಿದಷ್ಟೂ ಅದಕ್ಕೆ ಊರುಗೋಲು ಬೇಕು, ಆ ಊರುಗೋಲೇ ಬಿಳಲು. ವಾಹನಕ್ಕೆ ಅಡ್ಡವೆಂದು ರಸ್ತೆ ಬದಿಯವನ್ನು ಕತ್ತರಿಸುವುದು ಅನಿವಾರ್ಯವೇ ಇರಬಹುದು. ಹಾಗಿದ್ದರೆ ಹೊಲದ ಬದಿಯವನ್ನು ಒಂದನ್ನೂ ಮುಟ್ಟಬಾರದು. ತೂಗುತ್ತಿರುವ ಬಿಳಲಿನ ತುದಿಯನ್ನು ಗಂಟು ಕೆತ್ತಿದ ಬಿದಿರಿನ ಬೊಂಬಿನೊಳಗೆ ಇಳಿಸಿ, ಮಣ್ಣು ಗೊಬ್ಬರ ತುಂಬಿ, ಬುಡವನ್ನು ನೆಲಕ್ಕೆ ಊರಿ ತೇವ ಆರದಂತೆ ನೋಡಿಕೊಂಡರೆ ಅದು ನೆಲ ಸೇರಿ ದಪ್ಪವಾಗುತ್ತದೆ. ಬೆಂಗಳೂರಿನ ಹತ್ತಿರ ಕೇತೋಹಳ್ಳಿಯ ದೊಡ್ಡ ಆಲದ ಮರದ ಮೂಲ ಕಾಂಡ ರೋಗದಿಂದ ಹೋದ ಮೇಲೂ ಮರ ಸುಮಾರು ಮೂರು ಎಕರೆಯಲ್ಲಿ ಹರಡಿ ನಿಂತಿರುವುದು ನೆಲ ಕಚ್ಚಿದ ಬಿಳಲುಗಳಿಂದಲೇ. ಹುಲಿಕಲ್–ಕುದೂರು ರಸ್ತೆಯ ಪ್ರತಿ ಮರಕ್ಕೂ ಸಂಖ್ಯೆ ಕೊಟ್ಟು, ಹೊಲದ ಬದಿಗೆ ಮರಕ್ಕೆರಡರಂತೆ ಬಿಳಲು ಇಳಿಸುವ ಕೆಲಸವನ್ನು ಒಂದು ಮುಂಗಾರಿಗೆ ಶುರುಮಾಡಬಹುದು. ಅದಕ್ಕೂ ತಿಮ್ಮಕ್ಕ–ಚಿಕ್ಕಯ್ಯನವರ ಕ್ರಮವೇ ಸರಿ: ಮೊದಲ ವರ್ಷ ಹತ್ತು ಮರ, ಮರುವರ್ಷ ಹದಿನೈದು.